ಮೊದಲ ಉಣ್ಣು, ನ್ಯಾಯ ನಾಳಿಗೈತಿ

ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ಏಳು ನಿಮಿಷದ ದಾರಿ. ಆ ಏಳು ನಿಮಿಷದಲ್ಲಿ ನಮ್ಮ ಅವ್ವನ ಮಾತು ನನಗೆ ಮೂರು ಸಲ ಎದುರಾಗುತ್ತದೆ. ಮೊದಲು ಮೂಲೆಯ ಖಾನಾವಳಿಯ ಬೋರ್ಡಿನಲ್ಲಿ, ಹಳದಿ ಅಕ್ಷರದಲ್ಲಿ: ‘ಮೊದಲ ಉಣ್ಣು, ನ್ಯಾಯ ನಾಳಿಗೈತಿ’. ಆಮೇಲೆ ಅದರ ಎದುರು ನಿಲ್ಲುವ ಆಟೋದ ಬೆನ್ನ ಮೇಲೆ. ಮೂರನೆಯದು ನನ್ನ ಫೋನಿನಲ್ಲಿ. ಓಣಿಯ ವಾಟ್ಸಾಪ್ ಗುಂಪಿನಲ್ಲಿ ಯಾರಾದರೊಬ್ಬರು ಮುಂಜಾನೆಯ ಶುಭೋದಯದ ಜೊತೆ ಕಳಿಸಿರುತ್ತಾರೆ. ಚಿತ್ರದಲ್ಲಿ ಒಂದು ಸುಕ್ಕುಗಟ್ಟಿದ ಕೈ, ಕೈಯಲ್ಲಿ ರೊಟ್ಟಿ, ಹಿಂದೆ ಸೂರ್ಯ ಹುಟ್ಟುತ್ತಿರುತ್ತಾನೆ. ಆ ಕೈ ಯಾರದೋ ಗೊತ್ತಿಲ್ಲ. ಮಾತು ಮಾತ್ರ ನಮ್ಮ ಅವ್ವನದು.

ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ. ಹೆಮ್ಮೆ ಇತ್ತು, ಅದು ಎಂದೋ ಸವೆದುಹೋಯಿತು. ದಿನಾ ಎದುರಾಗುವ ಯಾವುದರ ಮೇಲೂ ಹೆಮ್ಮೆ ಬಹಳ ದಿನ ಉಳಿಯುವುದಿಲ್ಲ.

ನಾಟಕ ಕಂಪನಿಗಳು ತಗಡಿನ ಥಿಯೇಟರು ಕಟ್ಟಿಕೊಂಡು ಊರೂರು ತಿರುಗುತ್ತಿದ್ದ ಕಾಲದಲ್ಲಿ ಅವ್ವ ಒಂದು ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದಳು. ಅಪ್ಪ ಅದೇ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದ. ಆ ನಾಟಕದ ಹೆಸರು ಈಗ ಹೆಚ್ಚಿನವರಿಗೆ ನೆನಪಿಲ್ಲ, ನಾನೂ ಹೇಳಲು ಹೋಗುವುದಿಲ್ಲ. ಕಥೆ ದೊಡ್ಡದೇನಲ್ಲ. ಯಜಮಾನ ಸತ್ತ ಮನೆ, ವಿಧವೆ ತಾಯಿ, ಇಬ್ಬರು ಗಂಡುಮಕ್ಕಳು. ಕಿರಿಯ ಮಗ ಕೊಡಲಿ ಹಿಡಿದು ಬಂದು, ನನಗೆ ನ್ಯಾಯ ಇವತ್ತೇ ಆಗಬೇಕು ಎಂದು ಅಂಗಳದಲ್ಲಿ ನಿಂತು ಗುಡುಗುತ್ತಾನೆ. ತಾಯಿ ಒಳಗಿನಿಂದ ಊಟದ ತಾಟು ತಂದು ಅವನ ಮುಂದಿಟ್ಟು ಈ ಒಂದು ಮಾತು ಹೇಳುತ್ತಾಳೆ. ಮಗ ಕೊಡಲಿ ಬಿಟ್ಟು ಕೂತು, ತಲೆ ತಗ್ಗಿಸಿ ಉಣ್ಣುತ್ತಾನೆ. ಅಷ್ಟೇ. ಜನ ಅದಕ್ಕೇ ಅಳುತ್ತಿದ್ದರು. ‘ಒನ್ಸ್ ಮೋರ್’ ಎಂದು ಕೂಗಿ, ಬಿದ್ದ ಪರದೆಯನ್ನು ಮತ್ತೆ ಏಳಿಸಿ, ಅದೇ ಮಾತು ಮತ್ತೆ ಹೇಳಿಸಿ, ಅದೇ ರೊಟ್ಟಿ ಮತ್ತೆ ತಿನ್ನಿಸುತ್ತಿದ್ದರು. ನಮ್ಮ ಕಡೆಯ ಕಂಪನಿ ನಾಟಕಗಳಲ್ಲಿ ಅದು ರೂಢಿ. ಸತ್ತು ಬಿದ್ದವನನ್ನೂ ಎಬ್ಬಿಸಿ ಇನ್ನೊಮ್ಮೆ ಸಾಯಿಸುವ ಜನ ನಾವು.

ಆ ತಾಯಿಯ ಪಾತ್ರ ಮಾಡುವಾಗ ಅವ್ವನಿಗೆ ಇಪ್ಪತ್ನಾಲ್ಕು ವರ್ಷ. ಮಗನ ಪಾತ್ರ ಮಾಡುವವರಿಗೆ ಮೂವತ್ತೈದು. ಅವ್ವನ ತಲೆಗೆ ಬಿಳಿ ಪುಡಿ ಬಳಿದು ಮುದುಕಿ ಮಾಡುತ್ತಿದ್ದರಂತೆ. ಈಗ ಅವಳಿಗೆ ಎಂಬತ್ತು ದಾಟಿದೆ, ಪುಡಿಯ ಅಗತ್ಯವಿಲ್ಲ.

ನಾಟಕ ಹೋಯಿತು, ಕಂಪನಿ ಹೋಯಿತು, ಮಾತು ಉಳಿಯಿತು. ಅದು ಹೇಗೆ ಉಳಿಯಿತು ಎನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಾನು ಮೂವತ್ತು ವರ್ಷ ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಂಡಿದ್ದವಳು. ನಟ್ಟು, ಬೋಲ್ಟು, ಗ್ರೀಸಿನ ಡಬ್ಬಿ, ಕೈಗವಸು. ಒಂದು ವರ್ಷ ಅಲ್ಲಿ ಕೆಲಸಗಾರರು ಗೇಟಿನ ಮುಂದೆ ಕೂತರು. ಯಂತ್ರಕ್ಕೆ ಕೈ ಸಿಕ್ಕು ಒಬ್ಬನ ಎರಡು ಬೆರಳು ಹೋಗಿದ್ದವು, ಯಂತ್ರದ ಮುಚ್ಚಳ ಸರಿಮಾಡುವವರೆಗೆ ಒಳಗೆ ಬರುವುದಿಲ್ಲ ಎಂದು ಅವರ ಹಟ. ಮಧ್ಯಾಹ್ನ ಮ್ಯಾನೇಜರು ಸಾಹೇಬರು ಒಂದು ಟೆಂಪೋ ತುಂಬ ಪುಲಾವಿನ ಪೊಟ್ಟಣ ತರಿಸಿ, ತಾವೇ ಇಳಿದು ಬಂದು, ನಗುನಗುತ್ತ ಅಂದರು: “ಮೊದಲ ಉಣ್ರಿ, ನ್ಯಾಯ ನಾಳಿಗೈತಿ.” ಎಲ್ಲರೂ ನಕ್ಕರು. ಸಿಳ್ಳೆ ಹೊಡೆದರು. ಉಂಡರು. ಉಂಡ ಮೇಲೆ ಬಿಸಿಲಲ್ಲಿ ಕೂರಲು ಯಾರಿಗೂ ಮನಸ್ಸಾಗಲಿಲ್ಲ. ಮುಚ್ಚಳ ಮುಂದಿನ ವರ್ಷ ಬಂತು, ಅದೂ ಬೇರೆ ಯಂತ್ರಕ್ಕೆ. ನಾನೇ ಸ್ಟೋರಿನಲ್ಲಿ ಅದನ್ನು ಇಳಿಸಿಕೊಂಡೆ.

ಆಮೇಲಿಂದ ನಾನು ಗಮನಿಸುತ್ತ ಬಂದೆ. ಮಾತು ಯಾರ ಬಾಯಲ್ಲಿದೆ ನೋಡಿದರೆ ಸಾಕು, ಅದರ ಅರ್ಥ ಏನೆಂದು ತಿಳಿಯುತ್ತದೆ. ಓಣಿಯ ಚರಂಡಿ ಒಡೆದು ಆರು ವಾರವಾದ ಮೇಲೆ ನಾವು ಹೆಂಗಸರು ದೂರು ಒಯ್ದರೆ, ಕಚೇರಿಯ ಗುಮಾಸ್ತ ಗಡಿಯಾರ ನೋಡಿ ಊಟದ ಡಬ್ಬಿ ಬಿಚ್ಚುತ್ತ ಇದೇ ಮಾತು ಹೇಳಿದ. ಮದುವೆಯಲ್ಲಿ ಬೀಗರು ಸಿಟ್ಟಾಗಿ ಎದ್ದರೆ ಹುಡುಗಿಯ ಕಡೆಯವರು ಕೈಮುಗಿದು ಇದನ್ನೇ ಹೇಳುತ್ತಾರೆ. ಭಾಷಣಕಾರರಂತೂ ನಮ್ಮ ನೆಲದ ಕರುಣೆ, ನಮ್ಮ ತಾಯಂದಿರ ತಾಳ್ಮೆ ಎಂದು ಶುರುಮಾಡಿ ಇದಕ್ಕೇ ಬಂದು ನಿಲ್ಲುತ್ತಾರೆ. ಉಣ್ಣು ಎನ್ನುವುದು ಎಲ್ಲರಿಗೂ ಕೇಳಿಸುತ್ತದೆ. ನಾಳೆ ಎನ್ನುವುದು ಯಾರಿಗೂ ಬೇಕಿಲ್ಲ.

ಇಷ್ಟೆಲ್ಲ ಬುದ್ಧಿವಂತಿಕೆಯಿಂದ ಬರೆಯುತ್ತಿದ್ದೇನಲ್ಲ, ಈ ಮಾತನ್ನು ಎಲ್ಲರಿಗಿಂತ ಹೆಚ್ಚು ಬಳಸಿದವಳು ನಾನೇ. ಅದೂ ಅವ್ವನ ಮೇಲೆ.

ಅಪ್ಪ ಹೋದ ಮೇಲೆ ಅವಳು ನನ್ನ ಹತ್ತಿರವೇ ಇದ್ದಾಳೆ. ನನಗೂ ಬೇರೆ ಸಂಸಾರವಿಲ್ಲ. ಅವ್ವನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಆಗದಿದ್ದರೆ ಕಣ್ಣು ಕತ್ತಲೆ ಬರುತ್ತದೆ. ನಾನು ಗುಳಿಗೆ, ನೀರು, ತಾಟು ಜೋಡಿಸಿಕೊಂಡು ಕೂತರೆ ಅವಳು ಶುರುಮಾಡುತ್ತಾಳೆ: “ಆ ಮಾತ ನಾಟಕದಾಗ ಇದ್ದಿದ್ದ ಇಲ್ಲ. ನಾ ಅಂದದ್ದು ಅದು. ಆವತ್ತ ಮುಂಜಾನೆ ಅವಾ ನನ್ನ ಕಪಾಳಕ್ಕ ಹೊಡದಿದ್ದ.”

ಇಲ್ಲಿಗೆ ಬಂದಾಗ ನಾನು ತಾಟು ಮುಂದೆ ಸರಿಸುತ್ತಿದ್ದೆ. “ಅವ್ವಾ, ಮೊದಲ ಉಣ್ಣು. ನ್ಯಾಯ ನಾಳಿಗೈತಿ.” ನನಗೆ ಅದು ತಮಾಷೆ. ಅವಳು ಒಮ್ಮೆ ನನ್ನನ್ನು ನೋಡಿ ಉಣ್ಣತೊಡಗುತ್ತಿದ್ದಳು. ಆ ಕಥೆಯ ಮುಂದಿನ ಭಾಗ ಏನು ಎಂದು ನಾನು ಐವತ್ತು ದಾಟಿದರೂ ಕೇಳಿರಲಿಲ್ಲ.

ಯಾಕೆ ಕೇಳಲಿಲ್ಲ ಎಂದರೆ, ಹೊಡೆದವರು ನನಗೆ ಕಾಕಾ. ಕಿರಿಯ ಮಗನ ಪಾತ್ರ ಮಾಡುತ್ತಿದ್ದವರು ಅವರೇ. ರಕ್ತಸಂಬಂಧವಿಲ್ಲ, ಆದರೆ ನನ್ನನ್ನು ಕೈಹಿಡಿದು ಸಾಲಿಗೆ ಒಯ್ದು ಹೆಸರು ಹಚ್ಚಿಸಿದವರು ಅವರು. ಅಪ್ಪನಿಗೆ ಹೆಡ್‌ಮಾಸ್ತರರ ಮುಂದೆ ಮಾತು ಬರುತ್ತಿರಲಿಲ್ಲ. ಕಾಕಾ ಶಾಲು ಸರಿಮಾಡಿಕೊಂಡು ಒಳಗೆ ಹೋದರೆ ಮಾಸ್ತರರು ಎದ್ದು ನಿಂತರು. ಆಮೇಲೂ ವರ್ಷಕ್ಕೊಮ್ಮೆ, ಪಂಚಮಿಯ ಹೊತ್ತಿಗೆ, ಪೇಡೆಯ ಪೊಟ್ಟಣ ಹಿಡಿದು ಮನೆಗೆ ಬರುತ್ತಿದ್ದರು. ನನ್ನ ತಲೆಯ ಮೇಲೆ ಕೈಯಿಟ್ಟು “ಹೆಂಗದಿ ಮಗಳ” ಎನ್ನುತ್ತಿದ್ದರು. ಅವ್ವ ಚಹಾ ತಂದಿಡುತ್ತಿದ್ದಳು. ಅವರು ತಲೆ ಎತ್ತದೆ ಚಹಾ ಕುಡಿದು ಹೋಗುತ್ತಿದ್ದರು. ರಂಗದ ಮೇಲೆ ಗುಡುಗುವವರು ಮನೆಯಲ್ಲಿ ಎಷ್ಟು ಮೃದು ಎಂದು ನಾನು ಬೆರಗಾಗುತ್ತಿದ್ದೆ. ಅವ್ವನ ಒಂದು ಕಪಾಳದ ಏಟಿನ ಕಥೆಗಾಗಿ ಆ ಕಾಕಾನನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಕಾಕಾ ತೀರಿಕೊಂಡು ಬಹಳ ವರ್ಷವಾಯಿತು. ಈ ಚಳಿಗಾಲದಲ್ಲಿ ಅವರ ನೆನಪಿಗೆ ಧಾರವಾಡದಲ್ಲಿ ಒಂದು ಕಾರ್ಯಕ್ರಮ ಇಟ್ಟರು. ಸಂಘಟಕರು ಮನೆಗೆ ಬಂದು, ಅವ್ವನ ಕಾಲು ಮುಟ್ಟಿ, ಕಾರ್ಡು ಕೊಟ್ಟರು. ಕಾರ್ಡಿನ ನೆತ್ತಿಯ ಮೇಲೆ ಅದೇ ಮಾತು, ಕೆಳಗೆ ಕಾಕಾನ ಚಿತ್ರ, ತಾಟಿನ ಮುಂದೆ ತಲೆ ತಗ್ಗಿಸಿ ಕೂತಿರುವುದು.

“ಆ ತಲೀ ತಗ್ಗಿಸಿ ಉಣ್ಣೂದು ಐತೆಲ್ಲರಿ ಅಮ್ಮಾರ, ಅಂಥಾ ಅಭಿನಯ ಮತ್ತ ಯಾರೂ ಮಾಡ್ಲಿಲ್ಲ,” ಎಂದರು ಸಂಘಟಕರು. “ನೀವು ಐದ ಮಿನಿಟ ಮಾತಾಡಬೇಕ್ರಿ. ಆ ತಾಯಿ ಪಾತ್ರದ ನೆನಪು.”

ಅವ್ವ ಕಾರ್ಡನ್ನು ದೂರ ಹಿಡಿದು ನೋಡಿದಳು. “ಐದ ಮಿನಿಟ ಸಾಕು,” ಎಂದಳು.

ಅವರು ಹೋದ ಮೇಲೆ ಅವಳು ನನಗೆ ಹೇಳಿದ್ದು ಒಂದೇ. “ಅಲ್ಲೆ ಹೇಳತೇನಿ. ಎಲ್ಲಾರ ಮುಂದ. ಅವಾ ಎಲ್ಲಾರ ಮುಂದ ಹೊಡದಿದ್ದ.”

ಆ ಎರಡು ವಾರ ನನಗೆ ನಿದ್ದೆ ಬರಲಿಲ್ಲ. ಅವ್ವ ಮಾತ್ರ ಹುರುಪಾಗಿದ್ದಳು. ಇಳಕಲ್ ಸೀರೆ ತೆಗೆದು ಗಾಳಿಗೆ ಹಾಕಿದಳು. ಹಲ್ಲಿನ ಸೆಟ್ಟು ಸಡಿಲಾಗಿ ಮಾತು ತೊದಲುತ್ತದೆಂದು ಡಾಕ್ಟರ ಹತ್ತಿರ ಒಯ್ಯಲು ಹಚ್ಚಿದಳು. ಮುಂಜಾನೆ ಹಿತ್ತಲಲ್ಲಿ ನಿಂತು ಏನೋ ಒಪ್ಪಿಸುತ್ತಿದ್ದಳು, ನಾನು ಹೋದರೆ ನಿಲ್ಲಿಸುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ಅವಳು ಮತ್ತೆ ನಾಟಕಕ್ಕೆ ತಯಾರಾಗುತ್ತಿರುವುದನ್ನು ನೋಡಿ ಖುಷಿಪಡಬೇಕಾದ ಮಗಳು, ಒಳಗೊಳಗೇ ಅವಳಿಗೆ ಆವತ್ತು ಸ್ವಲ್ಪ ಜ್ವರ ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳನ್ನು ಕೂರಿಸಿ ಕಡೆಯ ಸಲ ಪ್ರಯತ್ನ ಮಾಡಿದೆ. “ಅವ್ವಾ, ಅವರ ಮಕ್ಕಳು ಮೊಮ್ಮಕ್ಕಳು ಬಂದಿರ್ತಾರ. ಸತ್ತು ಹೋದವರು. ಈಗ ಹೇಳಿ ಏನ ಮಾಡೂದೈತಿ?”

“ನಾ ಇನ್ನೂ ಸತ್ತಿಲ್ಲಲ್ಲ,” ಎಂದಳು.

ಲಕಮನಹಳ್ಳಿ ಬಂತು. ನನ್ನ ಹಳೆಯ ಕಾರ್ಖಾನೆಯ ಗೇಟು ಕಂಡಿತು, ಹೋಯಿತು.

ಹತ್ತಕ್ಕೆ ಎಂದಿದ್ದ ಕಾರ್ಯಕ್ರಮ ಹನ್ನೊಂದೂವರೆಗೆ ಶುರುವಾಯಿತು. ಅದು ಯಾರಿಗೂ ಹೊಸದಲ್ಲ. ಪ್ರಾರ್ಥನೆ, ದೀಪ, ಸ್ವಾಗತ, ಪರಿಚಯ. ವೇದಿಕೆಯ ಮೇಲೆ ಹನ್ನೆರಡು ಕುರ್ಚಿ, ಹನ್ನೆರಡರಲ್ಲೂ ಮಾತಾಡುವವರು. ಹಿಂದಿನ ಬಟ್ಟೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಅವ್ವನ ಮಾತು. ಅವ್ವನನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದರು, ಕಡೆಗೆ ಕರೆಯುತ್ತೇವೆ ಎಂದಿದ್ದರು. ಒಬ್ಬರು ಆ ಮಾತಿನಲ್ಲಿ ಕ್ಷಮೆ ಇದೆ ಎಂದರು. ಇನ್ನೊಬ್ಬರು ಕ್ಷಮೆಯಲ್ಲ, ಅನ್ನದ ಮಹಿಮೆ ಎಂದರು. ಮೂರನೆಯವರು ಎದ್ದು ಇಬ್ಬರದೂ ಸರಿ ಎಂದು ಮುಕ್ಕಾಲು ಗಂಟೆ ತೆಗೆದುಕೊಂಡರು. ಮಾತು ಆಡಿದವಳು ಎದುರಿಗೇ ಕೂತಿದ್ದಾಳೆ, ಏನಮ್ಮಾ ಅದರ ಅರ್ಥ ಎಂದು ಒಬ್ಬರೂ ಕೇಳಲಿಲ್ಲ. ಅವ್ವ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ತನ್ನ ಸರದಿಗೆ ಕಾಯುತ್ತಿದ್ದಳು. ಪರದೆಯ ಬದಿಯಲ್ಲಿ ನಿಂತು ಕಾಯುವುದನ್ನು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ.

ಒಂದೂಕಾಲಿಗೆ ಹಿಂದಿನಿಂದ ಅಡುಗೆಯವರು ಬಂದು ಸಂಘಟಕರ ಕಿವಿಯಲ್ಲಿ ಏನೋ ಹೇಳಿದರು. ಹೋಳಿಗೆಯ ವಾಸನೆ ಸಭಾಂಗಣಕ್ಕೆ ಬಂದಿತ್ತು, ಹಿಂದಿನ ಸಾಲುಗಳು ಆಗಲೇ ಅಲುಗಾಡುತ್ತಿದ್ದವು. ಸಂಘಟಕರು ಬಗ್ಗಿ ನನ್ನ ಹತ್ತಿರ ಬಂದರು.

“ಮ್ಯಾಡಮ್ಮಾರ, ಊಟ ಆರಾಕತ್ತೈತಿ. ಅಮ್ಮಾರ ಮಾತು ಊಟ ಆದ ಮ್ಯಾಲ ಇಟ್ಕೊಂಡ್ರ ನಡೀತೈತೇನ್ರಿ?”

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮ ಅವಳಿ ಊರುಗಳಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಗೊತ್ತು, ಊಟ ಬಡಿಸಿದ ಮೇಲೆ ಸಭೆ ಇರುವುದಿಲ್ಲ. ಎಲೆ ಎತ್ತಿದರೆ ಜನ ಎದ್ದರು. ಕೈ ತೊಳೆದು, ಅಡಿಕೆ ಹಾಕಿಕೊಂಡು, ಚಪ್ಪಲಿ ಹುಡುಕಿ, ಸೀದಾ ಮನೆಗೆ. ಸಂಘಟಕರಿಗೆ ಅದು ನೆನಪಿತ್ತೋ ಇಲ್ಲವೋ, ಅವರು ಒಳ್ಳೆಯ ಮನುಷ್ಯರು, ಗಡಿಬಿಡಿಯಲ್ಲಿದ್ದರು. ನನಗೆ ನೆನಪಿತ್ತು. ಅವ್ವನ ಕಡೆ ನೋಡದೆ ಹೇಳಿದೆ: “ನಡೀತೈತ್ರಿ.”

ಅವರು ಮೈಕಿಗೆ ಹೋಗಿ ನಕ್ಕರು. “ಹಿರಿಯರ ಮಾತ ನಾವು ಮೀರಬಾರದು. ಮೊದಲ ಉಣ್ಣು, ನ್ಯಾಯ ನಾಳಿಗೈತಿ.” ಇಡೀ ಸಭೆ ಚಪ್ಪಾಳೆ ಹೊಡೆಯಿತು. ಕುರ್ಚಿಗಳು ಸರಿದ ಸದ್ದಿನಲ್ಲಿ ಅವ್ವ ನನ್ನ ಕಡೆ ತಿರುಗಿದಳು. ಸಿಟ್ಟು ಇರಲಿಲ್ಲ. ನೀನೂನಾ ಎನ್ನುವ ಪ್ರಶ್ನೆಯೂ ಇರಲಿಲ್ಲ, ಅದು ಅವಳಿಗೆ ಮೊದಲೇ ಗೊತ್ತಿತ್ತು. ದಣಿದಿದ್ದಳು, ಅಷ್ಟೇ.

ಅವಳು ಊಟಕ್ಕೆ ಏಳಲಿಲ್ಲ. ಹೊತ್ತಾಗುತ್ತದೆ, ಗುಳಿಗೆ ಇದೆ ಎಂದೆ. ಚೀಲದಲ್ಲಿದ್ದ ಎರಡು ಬಿಸ್ಕಿಟು ತಿಂದು, ನೀರು ಕುಡಿದು, ಅಲ್ಲೇ ಕೂತಳು. ಅವಳು ಕೂತಿದ್ದಾಳೆಂದು ನಾನೂ ಕೂತೆ. ಎರಡೂವರೆಯ ಹೊತ್ತಿಗೆ ಕಾಕಾನ ಮನೆಯವರು ಬಂದು ಅವ್ವನ ಕಾಲಿಗೆ ಬಿದ್ದು, ಮದುವೆ ಮನೆಯೊಂದಕ್ಕೆ ಹೋಗಬೇಕೆಂದು ಹೊರಟರು. ವೇದಿಕೆಯ ಹನ್ನೆರಡು ಜನ ಯಾವಾಗ ಹೋದರೋ ಗೊತ್ತಾಗಲಿಲ್ಲ. ಮೈಕಿನವನು ತಂತಿ ಸುತ್ತುತ್ತಿದ್ದ. ಸಂಘಟಕರು ಬಂದು ಕೈ ಹಿಸುಕಿಕೊಂಡರು. “ತಪ್ಪ ತಿಳ್ಕೋಬ್ಯಾಡ್ರಿ ಅಮ್ಮಾರ. ಜನ ನಿಲ್ಲಲಿಲ್ಲ. ಮುಂದಿನ ವರ್ಷ ಮೊದಲ ನಿಮ್ಮದ ಮಾತು.”

“ಆತು ತಗೋರಿ,” ಎಂದಳು ಅವ್ವ.

ಆಮೇಲೆ ಎದ್ದು ನಡೆಯತೊಡಗಿದಳು. ಬಾಗಿಲ ಕಡೆಗಲ್ಲ, ಹಿಂದಕ್ಕೆ, ಅಡುಗೆ ಮಾಡಿದ್ದ, ಪತ್ರಾಸಿನ ತಗಡು ಹೊದಿಸಿದ ಚಪ್ಪರಕ್ಕೆ. ನಾನು ಚೀಲ ಹಿಡಿದು ಹಿಂದೆ ಓಡಿದೆ.

ಅಲ್ಲಿ ಬಡಿಸುವ ಹೆಂಗಸರು ಐದಾರು ಮಂದಿ, ಎಲ್ಲರದೂ ಮುಗಿದ ಮೇಲೆ, ಪಾತ್ರೆಗಳ ನಡುವೆ ದುಂಡಗೆ ಕೂತು ಉಣ್ಣುತ್ತಿದ್ದರು. ಹೋಳಿಗೆ ಮುಗಿದಿತ್ತು. ಕಡಕ್ ರೊಟ್ಟಿ, ತಳ ಹತ್ತಿದ ಬದನೆಕಾಯಿ ಪಲ್ಯ, ಒಂದಿಷ್ಟು ಅನ್ನ ಉಳಿದಿತ್ತು. ಅವ್ವನನ್ನು ನೋಡಿ ಒಬ್ಬಾಕೆ ಸರಿದು ಜಾಗ ಮಾಡಿದಳು. “ಬರ್ರಿ ಅಮ್ಮಾರ, ಉಂಡಿಲ್ಲೇನ್ರಿ? ಕುಂದರ್ರಿ.”

ಅವ್ವ ಮೊಣಕಾಲು ಹಿಡಿದುಕೊಂಡು ನೆಲದ ಮೇಲೆ ಕೂತಳು. ಕುರ್ಚಿ ತರುತ್ತೇನೆಂದ ನನ್ನನ್ನು ಕೈಯಿಂದ ತಡೆದಳು. ಅವರು ಕೊಟ್ಟ ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗಿಟ್ಟಳು. ಎರಡು ತುತ್ತು ಆದ ಮೇಲೆ ಕೇಳಿದಳು: “ಒಳಗ ಬರೆದಾರಲ್ಲ ದೊಡ್ಡದಾಗಿ, ಓದಿದ್ರೇನು?”

“ಓದೇವ್ರಿ. ಅದ ಯಾರಿಗೆ ಗೊತ್ತಿಲ್ರಿ?”

“ಅದನ್ನ ಅಂದಾಕಿ ನಾ.”

ಅವರು ಉಣ್ಣುವುದನ್ನು ನಿಲ್ಲಿಸಿದರು. ಅವ್ವ ಹೇಳತೊಡಗಿದಳು. ನಾನು ಹಿಂದೆ ಒಂದು ಅಕ್ಕಿ ಚೀಲದ ಮೇಲೆ ಕೂತೆ. ಈ ಸಲ ಮುಂದೆ ಸರಿಸಲು ನನ್ನ ಕೈಯಲ್ಲಿ ತಾಟು ಇರಲಿಲ್ಲ.

“ಹಳೇ ಹುಬ್ಬಳ್ಳಿಯಾಗ ನಮ್ಮ ನಾಟಕ ಕಂಪನಿ ಕ್ಯಾಂಪ್ ಇತ್ತು. ಐತವಾರ ಮಧ್ಯಾಹ್ನದ ಆಟ. ಮುಂಜಾನೆ ತಾಲೀಮಿಗೆ ನಾ ತಡಾ ಮಾಡಿದ್ನಿ. ಎಂಟ ತಿಂಗಳ ಕೂಸಿತ್ತು ನಂದು, ಮೈ ಸುಡಾಕತ್ತಿತ್ತು, ಮಲಿ ಬಿಡಲಿಲ್ಲ. ಕೂಸಿನ ಮಲಗಿಸಿ ಬರೂದರಾಗ ಹೊತ್ತಾತು. ಬಂದ್ನಿ. ಇವತ್ತ ಯಾರ ಹೆಸರಲೆ ಇದೆಲ್ಲಾ ಮಾಡ್ಯಾರ, ಅವಾ ಏನೂ ಕೇಳಲಿಲ್ಲ. ಎಲ್ಲಾರೂ ನಿಂತಿದ್ರು. ಕಪಾಳಕ್ಕ ಹೊಡದ.”

ಎಂಟು ತಿಂಗಳ ಕೂಸು ನಾನು. ಅವ್ವನಿಗೆ ಇನ್ನೊಂದು ಮಗುವಿಲ್ಲ. ಆ ಏಟು ನನ್ನ ಕಾರಣಕ್ಕೆ ಬಿದ್ದದ್ದು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಾಗುವಷ್ಟು ದೂರ ಆ ಕಥೆಯನ್ನು ನಾನು ಎಂದೂ ಹೋಗಗೊಟ್ಟಿರಲಿಲ್ಲ.

“ನಿಮ್ಮ ಕಂಪನಿ ಮಾಲಕರು ಏನೂ ಅನ್ನಲಿಲ್ಲೇನ್ರಿ?” ಒಬ್ಬಾಕೆ ಕೇಳಿದಳು.

“ಅಂದ್ರು. ಎಲ್ಲಾರ ಮುಂದ ಹೊಡದಾನ, ಎಲ್ಲಾರ ಮುಂದ ತಪ್ಪಾತು ಅನ್ನಲಿ ಅಂದ್ನಿ ನಾ. ಮೊದಲ ಆಟ ಆಗಲಿ, ನಾಳಿ ನ್ಯಾಯ ಮಾಡೋಣು ಅಂದ್ರು ಮಾಲಕರು. ಆತು ಅಂತ ಬಣ್ಣಕ್ಕ ಕುಂತ್ನಿ. ಎಡಗಲ್ಲದ ಮ್ಯಾಲ ಅವನ ಕೈಯ ಐದೂ ಬಟ್ಟ ಮೂಡಿದ್ದು, ಎರಡ ಸಲ ಬಣ್ಣ ಹಚ್ಚಿದ್ರು.”

ಅವ್ವ ನೀರು ಕುಡಿದಳು.

“ಆ ಸೀನಿನಾಗ ತಾಯಿ ಹೋಗಿ ಮಗನ ಕಾಲ ಹಿಡಕೊಂಡ ಅಳಬೇಕು. ಎರಡ ಪುಟದ ಮಾತಿತ್ತು. ಕಾಲ ಹಿಡೀಬೇಕು, ಅವನ ಕಾಲು. ಹೋದ್ನಿ. ಅವಾ ಕೊಡ್ಲಿ ಹಿಡಕೊಂಡ ನಿಂತಿದ್ದ. ನನಗ ಬಗ್ಗಾಕ ಆಗಲಿಲ್ಲ. ಮಾತ ಒಂದೂ ನೆನಪ ಬರಲಿಲ್ಲ. ಬದೀಗಿ ತಾಟಿತ್ತು, ಖರೇನ ರೊಟ್ಟಿ ಇಡತಿದ್ರು ಆಗ. ಅದನ್ನ ಅವನ ಮುಂದ ಇಟ್ಟು, ಅವನ ಕಣ್ಣಾಗ ಕಣ್ಣಿಟ್ಟು ಅಂದ್ನಿ. ಮೊದಲ ಉಣ್ಣು. ನ್ಯಾಯ ನಾಳಿಗೈತಿ.”

ಚಪ್ಪರದಲ್ಲಿ ಅದನ್ನು ಅವಳು ಹೇಳಿದ ರೀತಿ ಬೇರೆಯಿತ್ತು. ಬೋರ್ಡಿನ ಮೇಲಿನ ಮಾತಲ್ಲ, ಮ್ಯಾನೇಜರ ಮಾತಲ್ಲ, ನನ್ನದಂತೂ ಅಲ್ಲವೇ ಅಲ್ಲ. ದನಿ ಏರಿರಲಿಲ್ಲ. ‘ಉಣ್ಣು’ ಎನ್ನುವಾಗ ಪ್ರೀತಿ ಇರಲಿಲ್ಲ. ‘ನಾಳಿಗೈತಿ’ ಎನ್ನುವಾಗ ಒಂದೊಂದು ಅಕ್ಷರವನ್ನೂ ಬಿಡಿಸಿ ಇಟ್ಟಳು. ನಾಳೆ ನೋಡೋಣ ಎಂದಲ್ಲ ಅದು. ನಾಳೆ ಇದೆ, ನೀನು ತಪ್ಪಿಸಿಕೊಳ್ಳುವುದಿಲ್ಲ, ನಾನು ಬಿಡುವುದಿಲ್ಲ ಎಂದು. ಸಭೆಯಲ್ಲಿ ಮೂರು ಜನ ಮೂರು ಅರ್ಥ ಹೇಳಿದ್ದರು, ಯಾರೂ ಇದರ ಹತ್ತಿರವೂ ಬಂದಿರಲಿಲ್ಲ.

“ಅವಂಗ ತಿಳೀತು,” ಎಂದಳು ಅವ್ವ. “ಮುಂದಿನ ಮಾತ ಅವನ ಹತ್ರ ಇರಲಿಲ್ಲ. ಕುಂತ. ತಲೀ ತಗ್ಗಿಸಿ ಉಂಡ. ಮಂದಿ ಒನ್ಸ್ ಮೋರ್ ಅಂದ್ರು. ಮತ್ತ ಅಂದ್ನಿ. ಮತ್ತ ಉಂಡ. ಮೂರ ಸಲ ಆತು ಆವತ್ತ. ಮಾಲಕರು ಖುಷಿ ಆಗಿ ಎರಡ ಪುಟ ಹೊಡದ ಹಾಕಿ ಇದನ್ನ ಬರಕೊಂಡ್ರು.”

“ಮರುದಿನ ತಪ್ಪಾತು ಅಂದ್ನೇನ್ರಿ ಅವಾ?”

“ಮರುದಿನ ಮತ್ತ ಆಟ ಇತ್ತು. ಅದರ ಮರುದಿನಾನೂ ಇತ್ತು. ಇನ್ನ ಎಲ್ಲೀ ನ್ಯಾಯ, ಹೌಸ್‌ಫುಲ್ ನಡದಿತ್ತಲ್ಲ. ನಾ ಮತ್ತ ಕೇಳಲಿಲ್ಲ. ದಿನಾ ಅಂತಿದ್ನೆಲ್ಲ, ಅವನ ಮುಂದ, ಎಲ್ಲಾರ ಮುಂದ. ಆರ ವರ್ಷ ಅಂದ್ನಿ. ಆರ ವರ್ಷ ಅವಾ ಒಂದ ದಿನಾನೂ ತಲೀ ಎತ್ತಲಿಲ್ಲ. ಮಂದಿ ಅದಕ್ಕ ಅಭಿನಯ ಅಂದ್ರು.”

ಹೆಂಗಸರಲ್ಲಿ ಒಬ್ಬಾಕೆ, ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳು, ಅವ್ವನ ಮೊಣಕಾಲ ಮೇಲೆ ಕೈಯಿಟ್ಟಳು. ಇನ್ನೊಬ್ಬಾಕೆ ಇನ್ನೊಂದು ರೊಟ್ಟಿ ಹಾಕಿದಳು. ಅವ್ವ ಬೇಡವೆನ್ನದೆ ತಿಂದಳು. ಐದು ಮಿನಿಟೂ ಆಗಿರಲಿಲ್ಲ, ಅವಳ ಮಾತು ಮುಗಿದಿತ್ತು.

ಬಸ್ಸಿನಲ್ಲಿ ಅವಳು ನಿದ್ದೆ ಮಾಡಿದಳು, ತಲೆ ನನ್ನ ಹೆಗಲ ಮೇಲೆ. ನಾನು ಕಾಕಾನ ಕೈಹಿಡಿದು ಸಾಲಿಗೆ ಹೋದ ದಿನವನ್ನು ನೆನಪಿಸಿಕೊಂಡೆ. ಆ ಮೃದು ಸ್ವಭಾವ, ಪ್ರತಿ ಪಂಚಮಿಯ ಪೇಡೆ, ತಲೆ ಎತ್ತದೆ ಕುಡಿದ ಚಹಾ. ಅವರು ವರ್ಷವರ್ಷ ಬಂದದ್ದು ನನಗಾಗಿ ಎಂದುಕೊಂಡಿದ್ದೆ. ಒಂದು ಮಾತು ಹೇಳಲು ಬಂದು ಹೇಳದೆ ಹೋಗುತ್ತಿದ್ದರೋ ಏನೋ. ಅವರನ್ನು ಈಗಲೂ ಪೂರ್ತಿ ಬಿಟ್ಟುಕೊಡಲು ನನಗೆ ಆಗುತ್ತಿಲ್ಲ, ಇದೂ ನಿಜ. ಆದರೆ ಅವ್ವನ ಬಾಯಿ ಮುಚ್ಚಿಸಿ ಅವರನ್ನು ಇಟ್ಟುಕೊಂಡಿದ್ದೆ. ಅಷ್ಟು ವರ್ಷ ಕಾದು ಎಲ್ಲರ ಮುಂದೆ ಹೇಳಲು ಹೋದವಳನ್ನು ಒಂದೇ ಮಾತಿನಲ್ಲಿ ಅಡುಗೆಯ ಚಪ್ಪರಕ್ಕೆ ಕಳಿಸಿದವಳು ನಾನು. ‘ನಡೀತೈತ್ರಿ.’ ಅದನ್ನು ಯಾರ ಮೇಲೂ ಹಾಕುವ ಹಾಗಿಲ್ಲ.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ನಾನು ಕೈಕಾಲು ತೊಳೆದು ಬಂದು ಅಡುಗೆಮನೆಯಲ್ಲಿ ಸುಮ್ಮನೆ ಕೂತೆ. ಮುಂಜಾನೆಯ ಉಪ್ಪಿಟ್ಟಿನ ಮೇಲೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಹಸಿವಿನ ನೆನಪೂ ಇರಲಿಲ್ಲ. ಅವ್ವನಿಗೆ ಏನಾದರೂ ಹೇಳಬೇಕಿತ್ತು.

“ಅವ್ವಾ,” ಎಂದೆ. “ನಾ ಇವತ್ತ ಅವರಿಗೆ ಹೂಂ ಅಂದದ್ದು...”

ಅವಳು ಇಳಕಲ್ ಸೀರೆಯಲ್ಲೇ ಇದ್ದಳು. ಗೋಡೆ ಹಿಡಿದು ಬಂದು, ಬುಟ್ಟಿಯಿಂದ ಎರಡು ರೊಟ್ಟಿ ತೆಗೆದು, ನಂಚಿಕೊಳ್ಳಲು ಒಂದಿಷ್ಟು ಶೇಂಗಾ ಹಿಂಡಿ, ಮೊಸರು ಹಾಕಿ, ತಾಟನ್ನು ನನ್ನ ಮುಂದೆ ಇಟ್ಟಳು. ಆಮೇಲೆ ನನ್ನ ಎದುರಿಗೇ ನಿಂತಳು.

“ಮೊದಲ ಉಣ್ಣು,” ಎಂದಳು.

ಉಳಿದ ಅರ್ಧಕ್ಕೆ ನಾನು ಕಾದೆ. ಅದನ್ನು ಅವಳು ಹೇಳಲಿಲ್ಲ. ಅಲ್ಲೇ ನಿಂತಿದ್ದಳು. ನಾನು ರೊಟ್ಟಿ ಮುರಿದೆ, ತಲೆ ಎತ್ತಲಿಕ್ಕೆ ಆಗಲಿಲ್ಲ.